ಹನ್ನೆರಡು ವಾರಗಳ ಸಾರಥ್ಯ

ರಥವು ಎಷ್ಟೇ ಗಟ್ಟಿಯಾಗಿರಲಿ, ಕುದುರೆಗಳು ಎಷ್ಟೇ ಜಾತಿವಂತವಾಗಿರಲಿ, ನಡುವೆ ಸಾರಥಿಯೊಬ್ಬನಿಲ್ಲದಿದ್ದರೆ ರಥಿಕನ ಶೌರ್ಯವು ನಿಂತಲ್ಲಿಯೇ ನಿಲ್ಲುವುದು. ಭಾರತವನ್ನು ಓದಿದವರಿಗೂ, ಓದಿಸಿ ಕೇಳಿದವರಿಗೂ ಈ ಮಾತನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಶಲ್ಯನಂಥ ಸಾರಥಿ ದೊರೆತು ಕರ್ಣನಿಗೆ ಏನಾಯಿತು, ಕೃಷ್ಣನಂಥವನು ದೊರೆತು ಅರ್ಜುನನಿಗೆ ಏನಾಯಿತು ಎಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ಇಂದು ನಮ್ಮ ಮನೆಗಳ ಒಳಗೇ, ಅಡಿಗೆಮನೆಯ ಮೂಲೆಯಲ್ಲಿಯೂ ಬಚ್ಚಲಿನ ಪಕ್ಕದಲ್ಲಿಯೂ, ಕಣ್ಣಿಗೆ ಬೀಳದ ಅನೇಕ ಸಾರಥಿಗಳು ಹಗಲಿರುಳು ದುಡಿಯುತ್ತಿರುವರೆಂಬುದನ್ನು ಬಲ್ಲವರು ವಿರಳ. ಅಂಥ ಸಾರಥಿಯೊಬ್ಬನನ್ನು ನಿರ್ಮಿಸಲು ಸಂಕಲ್ಪಿಸಿದ ವಿದ್ಯಾರ್ಥಿಯೊಬ್ಬನ ವಿಚಾರವಾಗಿ ಈ ತಿಂಗಳು ವಾಚಕರೊಡನೆ ನಾಲ್ಕು ಮಾತನಾಡಬೇಕೆಂದು ನಮ್ಮ ಬಯಕೆ.

ಬಟ್ಟೆ ಒಗೆಯುವ ಯಂತ್ರವನ್ನೇ ತೆಗೆದುಕೊಳ್ಳೋಣ. ಅದರ ಹೊಟ್ಟೆಯೊಳಗೆ ಉಗುರಿನಗಲದ ಒಂದು ಗಣಕವು ಅಡಗಿ ಕುಳಿತಿರುವುದು. ಅದಕ್ಕೆ ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನಂತೆ ಅಗಲವಾದ ಪರದೆಯಿಲ್ಲ, ಅಕ್ಷರಗಳ ಮಣೆಯಿಲ್ಲ. ಇಡೀ ಜನ್ಮಕ್ಕೆ ಒಂದೇ ಕೆಲಸ. ಇಂಥವನ್ನು ಎಂಬೆಡೆಡ್ ಸಿಸ್ಟಮ್ ಎನ್ನುವರು. ನಾವು ಅಡಕ ಗಣಕವೆಂದು ಕರೆಯೋಣ. ನೀರು ಎಷ್ಟು ತುಂಬಿತು, ಎಷ್ಟು ಬಿಸಿಯಾಯಿತು, ಮೋಟಾರು ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನೆಲ್ಲ ಅದು ತಿಳಿಯಬೇಕು. ಗಣಕಕ್ಕಾದರೋ ಅಂಕಿಗಳಲ್ಲದೆ ಬೇರೆ ಭಾಷೆ ತಿಳಿಯದು. ನೀರಿನ ಮಟ್ಟವನ್ನು ಅಳೆಯುವ ಉಪಕರಣಕ್ಕೆ ವಿದ್ಯುತ್ತಿನ ಏರಿಳಿತವಲ್ಲದೆ ಬೇರೆ ಮಾತು ಬಾರದು. ಇವೆರಡರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸಿ, ಲಗಾಮು ಹಿಡಿದು ನಡೆಸುವ ಚಿಕ್ಕ ಕಾರ್ಯಕ್ರಮವೊಂದುಂಟು. ಅದಕ್ಕೆ ಡ್ರೈವರ್ ಎಂದು ಹೆಸರು. ನಮ್ಮ ಭಾಷೆಯಲ್ಲಿ ಸಾರಥಿಯೆಂದರೆ ತಪ್ಪೇನು?

ಮೂವತ್ತು ವರ್ಷಗಳ ಕಾಲ ಇಂಥ ಅಡಕ ಗಣಕಗಳ ಸಹವಾಸದಲ್ಲಿಯೇ ಅನ್ನ ಸಂಪಾದಿಸಿ ಈಗ ವಿಶ್ರಾಂತರಾಗಿರುವ ನಮ್ಮಲ್ಲಿಗೆ, ಬೀದಿಯ ಕಾಲೇಜು ಹುಡುಗರು ಆಗಾಗ ಬಂದು ಹೋಗುವರು. ಅವರಲ್ಲಿ ಒಬ್ಬನು ಇಂಜಿನಿಯರಿಂಗ್ ವಿದ್ಯೆಯ ಮೂರನೆಯ ವರ್ಷದವನು. ತಂದೆಗೆ ಚಿಕ್ಕದೊಂದು ದಿನಸಿ ಅಂಗಡಿ. ಹುಡುಗ ಚುರುಕು, ಕೈಯೂ ಚುರುಕು, ನಾಲಗೆಯೂ ಚುರುಕು. ಯುಗಾದಿಗೆ ಕೆಲವು ದಿನಗಳಿರುವಾಗ ಆತನು ಹನ್ನೊಂದು ಪುಟಗಳ ಯೋಜನೆಯೊಂದನ್ನು ಹಿಡಿದುಕೊಂಡು ಬಂದು, ಓದಿ ಅಭಿಪ್ರಾಯ ಹೇಳಬೇಕೆಂದು ಕೇಳಿದನು. ಅರ್ಜಿಗೆ ಉಳಿದಿದ್ದುದು ಎರಡೇ ವಾರ.

ಈ ಅರ್ಜಿಯ ಸಂಗತಿಯನ್ನು ಸ್ವಲ್ಪ ವಿವರಿಸಬೇಕು. ಗೂಗಲ್ ಸಂಸ್ಥೆಯವರು ೨೦೦೫ನೆಯ ಇಸವಿಯಿಂದ 'ಸಮ್ಮರ್ ಆಫ್ ಕೋಡ್' ಎಂಬ ಹೆಸರಿನಲ್ಲಿ ಒಂದು ಏರ್ಪಾಡನ್ನು ನಡೆಸಿಕೊಂಡು ಬಂದಿರುವರು. ಲೋಕಕ್ಕೆಲ್ಲ ತೆರೆದಿಟ್ಟಂಥ, ಯಾರು ಬೇಕಾದರೂ ಓದಿ ತಿದ್ದಿ ಬಳಸಬಹುದಾದಂಥ ತಂತ್ರಾಂಶಗಳನ್ನು ಕಟ್ಟುವ ಸಂಘಗಳು ಜಗತ್ತಿನಲ್ಲಿ ಅನೇಕವಾಗಿವೆ. ಬೇಸಗೆಯಲ್ಲಿ ಹೊಸಬರು ಅಂಥ ಸಂಘವೊಂದಕ್ಕೆ ಕೆಲಸ ಮಾಡಿಕೊಡುವರು. ಸಂಘದ ಅನುಭವಿಗಳು ಮಾರ್ಗದರ್ಶಕರಾಗಿ ನಿಲ್ಲುವರು. ಕೆಲಸವು ಒಪ್ಪಿಗೆಯಾದರೆ ಗೂಗಲಿನವರು ಸಂಭಾವನೆ ಕೊಡುವರು. ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾಗಿದ್ದುದು ೨೦೨೨ರಿಂದ ಹದಿನೆಂಟು ತುಂಬಿದ ಇತರ ಹೊಸಬರಿಗೂ ತೆರೆಯಿತು. ೨೦೨೪ರಿಂದ ಕೆಲಸಗಳನ್ನು ೯೦ ಗಂಟೆ, ೧೭೫ ಗಂಟೆ, ೩೫೦ ಗಂಟೆ ಎಂದು ಮೂರು ಪ್ರಮಾಣಗಳಲ್ಲಿ ಅಳೆಯುತ್ತಿರುವರು. ಸಾಮಾನ್ಯವಾಗಿ ಕೆಲಸದ ಅವಧಿ ಹನ್ನೆರಡು ವಾರ. ನಡುವೆ ಒಂದು ಪರೀಕ್ಷೆ, ಕೊನೆಗೆ ಒಂದು ಪರೀಕ್ಷೆ. ನಡುವಿನ ಪರೀಕ್ಷೆಯಲ್ಲಿ ಬಿದ್ದವನಿಗೆ ಕೈಗೆ ಏನೂ ಬಾರದು.

ನಮ್ಮ ಹುಡುಗ ಆರಿಸಿಕೊಂಡುದು ಆರ್‌ಟೆಮ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು. ಅಡಕ ಗಣಕದೊಳಗೆ ಯಾವ ಕೆಲಸವು ಯಾವ ಕ್ಷಣದಲ್ಲಿ ನಡೆಯಬೇಕೋ ಆ ಕ್ಷಣದಲ್ಲಿಯೇ ನಡೆಯುವಂತೆ ನೋಡಿಕೊಳ್ಳುವ ಮನೆವಾರ್ತೆಯ ಯಜಮಾನನೆಂದು ಅದನ್ನು ತಿಳಿಯಬಹುದು. ೧೯೮೦ರ ದಶಕದ ಕೊನೆಯಲ್ಲಿ ಅಮೆರಿಕದ ಸೇನೆಯ ಕ್ಷಿಪಣಿ ವಿಭಾಗಕ್ಕಾಗಿ ಹುಟ್ಟಿದ ಈ ತಂತ್ರಾಂಶದ ಹೆಸರಿನಲ್ಲಿ ಮೊದಲು ಕ್ಷಿಪಣಿ ಎಂಬ ಅರ್ಥದ ಶಬ್ದವೇ ಅಡಗಿದ್ದಿತು. ಕಾಲಕ್ರಮದಲ್ಲಿ ಅಕ್ಷರಗಳು ಉಳಿದು ಅರ್ಥ ಬದಲಾಯಿತು. ೨೦೦೫ರಲ್ಲಿ ಮಂಗಳಗ್ರಹಕ್ಕೆ ಹೊರಟ ಮಾರ್ಸ್ ರೆಕನಸೆನ್ಸ್ ಆರ್ಬಿಟರ್ ನೌಕೆಯ ಎಲೆಕ್ಟ್ರಾ ಎಂಬ ರೇಡಿಯೋವಿನಲ್ಲಿಯೂ ಇದೇ ತಂತ್ರಾಂಶವಿದೆ. ಕ್ಷಿಪಣಿಗೆಂದು ಹುಟ್ಟಿದುದು ಈಗ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಸೊತ್ತಾಗಿರುವುದು ಸಣ್ಣ ಸಂಗತಿಯಲ್ಲ. ೨೦೦೮ರಿಂದ ಈಚೆಗೆ ಅನೇಕ ಬೇಸಗೆಗಳಲ್ಲಿ ವಿದ್ಯಾರ್ಥಿಗಳು ಇದಕ್ಕೆ ಕೆಲಸ ಮಾಡಿಕೊಟ್ಟಿರುವರು.

ಹುಡುಗನ ಬಳಿ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಹಲಗೆಯೊಂದಿದ್ದಿತು. ೨೦೧೩ರಲ್ಲಿ ಮಾರಾಟಕ್ಕೆ ಬಂದ, ಅಂಗೈಯಗಲದ ಗಣಕ. ಎರಡು ಅಂಚುಗಳಲ್ಲಿ ಒಂದೊಂದಕ್ಕೆ ನಲವತ್ತಾರರಂತೆ ರಂಧ್ರಗಳ ಸಾಲು. ಅವುಗಳಿಗೆ ತಂತಿ ಸಿಕ್ಕಿಸಿ ಹೊರಗಿನ ಉಪಕರಣಗಳನ್ನು ಜೋಡಿಸಬಹುದು. ಅವನ ಯೋಜನೆಯಲ್ಲಿ ಈ ಹಲಗೆಗೆ ಐದು ಸಾರಥಿಗಳು: ಉಷ್ಣಮಾಪಕಕ್ಕೊಂದು, ಮೋಟಾರಿಗೊಂದು, ವಿದ್ಯುತ್ತಿನ ಮಟ್ಟವನ್ನು ಅಳೆಯುವುದಕ್ಕೊಂದು, ಗಡಿಯಾರದ ಚಿಪ್‌ಗೊಂದು, ಚಿತ್ರ ತೋರಿಸುವ ಪರದೆಗೊಂದು. ಇಷ್ಟೂ ಹನ್ನೆರಡು ವಾರದಲ್ಲಿ! ಭಾಷೆಯಾದರೋ ನಯವಾಗಿ, ನುಣುಪಾಗಿ, ಎಲ್ಲಿಯೂ ಎಡವದೆ ಹರಿಯುತ್ತಿದ್ದಿತು. ಈಚೆಗೆ ಕೇಳಿದ ಕೂಡಲೇ ಪುಟಗಟ್ಟಲೆ ಬರೆದುಕೊಡುವ ಯಂತ್ರಗಳು ಬಂದಿವೆಯಲ್ಲವೆ? ಅವುಗಳ ಕೈ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದಿತು. ಹನ್ನೊಂದು ಪುಟಗಳಲ್ಲಿ 'ಗೊತ್ತಿಲ್ಲ' ಎಂಬ ಮಾತು ಒಂದು ಕಡೆಯೂ ಇರಲಿಲ್ಲ.

ಪಕ್ಕದಲ್ಲಿ ಹುಣಿಸೆ ಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದ ನಮ್ಮ ಮನೆಯವರು ಅವನು ಓದಿ ಹೇಳುತ್ತಿದ್ದುದನ್ನು ಕೇಳಿ, "ಉತ್ತರನ ಪೌರುಷ ಒಲೆಯ ಮುಂದೆ ಎಂದ ಹಾಗಾಯಿತಲ್ಲಪ್ಪ" ಎಂದು ನಕ್ಕರು. ಹುಡುಗನ ಮುಖ ಕೆಂಪೇರಿತು. ಆದರೆ ಆ ನಗುವಿನಲ್ಲಿ ವಿವೇಕವಿದ್ದಿತು. ಉತ್ತರಕುಮಾರನೂ ಅಂತಃಪುರದಲ್ಲಿ ನಿಂತು, ಸಾರಥಿಯೊಬ್ಬನಿದ್ದಿದ್ದರೆ ಕೌರವ ಸೇನೆಯನ್ನೆಲ್ಲ ಒಬ್ಬನೇ ಗೆದ್ದುಬಿಡುವೆನೆಂದನಲ್ಲವೆ? ಸಾರಥಿ ದೊರೆತು, ರಥ ಹೊರಟು, ಸೇನೆ ಕಣ್ಣಿಗೆ ಬಿದ್ದ ಮೇಲೆ ಏನಾಯಿತೆಂಬುದು ಎಲ್ಲರಿಗೂ ತಿಳಿದಿದೆ. ಈ ಹುಡುಗನು ನೋಡದೆ ಇದ್ದ ಸೇನೆಯೆಂದರೆ ಆ ಹಲಗೆಯ ಮುಖ್ಯ ಚಿಪ್‌ನ ಕೈಪಿಡಿ. ನಾಲ್ಕು ಸಾವಿರಕ್ಕೂ ಮೀರಿದ ಪುಟಗಳು. ಅದನ್ನು ತೆರೆದು ತೋರಿಸಿದೆವು. ಒಂದೊಂದು ಉಪಕರಣಕ್ಕೂ ಅನೇಕ ರಿಜಿಸ್ಟರುಗಳು. ರಿಜಿಸ್ಟರೆಂದರೆ ಗೂಡುಗೂಡಾಗಿ ಮಾಡಿದ ಮಾಡದಂತೆ. ಯಾವ ಗೂಡಿನಲ್ಲಿ ಯಾವ ಅಂಕಿಯನ್ನು ಇಟ್ಟರೆ ಯಂತ್ರವು ಏನು ಮಾಡುವುದು, ಯಾವ ಗೂಡನ್ನು ಮುಟ್ಟಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಅಲ್ಲಿ ಬರೆದಿರುವುದು. ಅದನ್ನು ತಪ್ಪಿಲ್ಲದೆ ಓದಿ ಕಾರ್ಯರೂಪಕ್ಕೆ ತರುವುದೇ ಸಾರಥಿಯನ್ನು ನಿರ್ಮಿಸುವವನ ವೃತ್ತಿ.

ಅನಂತರ ನಾವಿಬ್ಬರೂ ಕುಳಿತು ಐದನ್ನೂ ಒಂದೊಂದಾಗಿ ವಿಚಾರಿಸಿದೆವು. ಪರದೆಯ ಚಿತ್ರವು ಮುಖ್ಯ ಚಿಪ್‌ನಿಂದ ಹೊರಟು ಇನ್ನೊಂದು ಚಿಪ್‌ನ ಮೂಲಕ ಹಾದು ಹೊರಗೆ ಬರತಕ್ಕದ್ದು. ಇಬ್ಬರನ್ನೂ ಒಟ್ಟಿಗೆ ಒಲಿಸಿಕೊಳ್ಳುವುದು ಒಂದು ಬೇಸಗೆಯ ಮಾತಲ್ಲ. ಅದು ಹೋಯಿತು. ಮೋಟಾರಿನ ಕೆಲಸವನ್ನು ಪರೀಕ್ಷಿಸಿ ನೋಡಲು ಅಲೆಗಳನ್ನು ಅಳೆಯುವ ಉಪಕರಣ ಬೇಕು. ಅವನ ಮನೆಯಲ್ಲಿ ಅದಿಲ್ಲ, ಬೇಸಗೆಯಲ್ಲಿ ಕಾಲೇಜಿನ ಪ್ರಯೋಗಶಾಲೆಗೆ ಬೀಗ. ಪರೀಕ್ಷಿಸಲಾರದುದನ್ನು ಮಾಡುವೆನೆಂದು ಹೇಳಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಅದೂ ಹೋಯಿತು. ವಿದ್ಯುತ್ತಿನ ಮಟ್ಟದ ಮಾಪಕಕ್ಕೂ ಅದೇ ಗತಿ: ಅಳೆದ ಅಂಕಿ ಸರಿಯೋ ತಪ್ಪೋ ಎಂದು ತೂಗಿ ನೋಡಲು ನಂಬತಕ್ಕ ಮತ್ತೊಂದು ಮಾಪಕ ಬೇಕು.

ಉಷ್ಣಮಾಪಕದ ಕಥೆ ಬೇರೆ. ಅವನು ಹೆಸರಿಸಿದ್ದುದು ಎಲ್‌ಎಂ೭೫ಎ ಎಂಬ ಚಿಪ್. ಆರ್‌ಟೆಮ್ಸ್ ಭಂಡಾರದ ಕಡತಗಳನ್ನು ಅವನಿಂದಲೇ ಹುಡುಕಿಸಿದೆವು. ಐದು ನಿಮಿಷದಲ್ಲಿ ಅದೇ ಚಿಪ್‌ನ ಸಾರಥಿ, ಯಾರೋ ಪುಣ್ಯಾತ್ಮರು ಹಿಂದೆಯೇ ಬರೆದಿಟ್ಟುದು, ಕಣ್ಣಿಗೆ ಬಿದ್ದಿತು! ಹುಡುಗನು ಸಪ್ಪೆಯಾದನು. ನಮಗಾದರೋ ಇದು ಅವನಿಗೆ ದೊರೆತ ನಿಧಿಯೆನಿಸಿತು. ಏಕೆಂದರೆ ಇನ್ನೊಬ್ಬರು ಒಪ್ಪವಾಗಿ ಮಾಡಿದುದನ್ನು ಸಾಲುಸಾಲಾಗಿ ಓದುವುದಕ್ಕಿಂತ ಮೇಲಾದ ಗುರುವಿಲ್ಲ. ಆ ಸಂಘದವರು ಹೆಸರುಗಳನ್ನು ಹೇಗಿಡುವರು, ತಪ್ಪಾದಾಗ ಹೇಗೆ ಹಿಂದೆ ಸರಿಯುವರು, ಎಷ್ಟು ಬರೆಯುವರು, ಎಷ್ಟನ್ನು ಬರೆಯದೆ ಬಿಡುವರು ಎಂಬುದೆಲ್ಲ ಆ ಒಂದು ಕಡತದಲ್ಲಿ ಕಾಣುವುದು. ಹೊಸ ಮನೆ ಕಟ್ಟುವವನು ಮೊದಲು ಊರಿನ ಹಳೆಯ ಮನೆಗಳ ತೊಲೆ ಕಂಬಗಳನ್ನು ನೋಡಿ ಬರುವಂತೆ ಇದು.

ಕೊನೆಗೆ ಉಳಿದುದು ಗಡಿಯಾರದ ಚಿಪ್ ಒಂದು. ಈ ಹಲಗೆಯ ಸ್ವಂತ ಗಡಿಯಾರಕ್ಕೆ ಬ್ಯಾಟರಿಯ ಆಸರೆಯಿಲ್ಲ; ವಿದ್ಯುತ್ತು ಹೋದರೆ ಕಾಲವೂ ಹೋಯಿತು. ಹೊರಗಿನಿಂದ ಚಿಕ್ಕ ಬ್ಯಾಟರಿಯಿರುವ ಗಡಿಯಾರದ ಚಿಪ್ ಜೋಡಿಸಿದರೆ, ಗಣಕವು ನಿದ್ರೆಯಿಂದೆದ್ದ ಕೂಡಲೇ ಇದು ಯಾವ ದಿನ, ಯಾವ ಗಂಟೆ ಎಂದು ಕೇಳಿ ತಿಳಿದುಕೊಳ್ಳಬಹುದು. ಹೊಲದ ನಡುವೆ ನೀರು ಬಿಡುವ ಯಂತ್ರಕ್ಕಾಗಲಿ, ಔಷಧಗಳ ಶೀತಪೆಟ್ಟಿಗೆಯ ಉಷ್ಣವನ್ನು ಬರೆದಿಡುವ ಯಂತ್ರಕ್ಕಾಗಲಿ ಇದಿಲ್ಲದೆ ನಡೆಯದು. "ಇಷ್ಟೇನೇ?" ಎಂದನು ಹುಡುಗ. "ಒಂದು ಗಡಿಯಾರವನ್ನು ಓದುವುದಕ್ಕೆ ಒಂದು ಬೇಸಗೆಯೇ? ನನ್ನ ಅರ್ಜಿಯನ್ನು ನೋಡಿ ನಗುವರು."

ಇಷ್ಟೇ ಎಂದವರಿಗೆ ಇದರೊಳಗೆ ಏನಿದೆಯೆಂಬುದನ್ನು ತೋರಿಸಲೇಬೇಕು. ಗಡಿಯಾರದ ಚಿಪ್ ಮುಖ್ಯ ಗಣಕದೊಡನೆ ಎರಡೇ ತಂತಿಗಳಲ್ಲಿ ಮಾತನಾಡುವುದು. ಒಂದರಲ್ಲಿ ಮಾತು, ಇನ್ನೊಂದರಲ್ಲಿ ತಾಳ. ೧೯೮೨ರಲ್ಲಿ ಫಿಲಿಪ್ಸ್ ಸಂಸ್ಥೆಯವರು ರೂಪಿಸಿದ ಈ ಪದ್ಧತಿಗೆ ಐ-ಸ್ಕ್ವೇರ್ಡ್-ಸಿ ಎಂದು ಹೆಸರು. ಒಂದೇ ಜೋಡಿ ತಂತಿಗೆ ಹಲವು ಚಿಪ್‌ಗಳನ್ನು ಸಾಲಾಗಿ ಜೋಡಿಸಬಹುದು. ಅಂಚೆಯವನು ವಠಾರದ ಬಾಗಿಲಲ್ಲಿ ನಿಂತು ಮನೆಯ ಸಂಖ್ಯೆಯನ್ನು ಕೂಗಿದರೆ ಆ ಮನೆಯವರು ಮಾತ್ರ ಓ ಎನ್ನುವರಲ್ಲವೆ? ಹಾಗೆಯೇ ಗಣಕವು ಒಂದು ಸಂಖ್ಯೆಯನ್ನು ಕಳುಹಿಸುವುದು; ಆ ಸಂಖ್ಯೆಯ ಚಿಪ್ ಮಾತ್ರ ತಂತಿಯನ್ನು ಕ್ಷಣಕಾಲ ಕೆಳಕ್ಕೆಳೆದು ಓಗೊಡುವುದು. ಯಾರೂ ಓ ಎನ್ನದಿದ್ದರೆ? ಚಿಪ್ ಕೆಟ್ಟಿದೆಯೋ, ತಂತಿ ಕಳಚಿದೆಯೋ, ಸಂಖ್ಯೆಯೇ ತಪ್ಪೋ? ಎಷ್ಟು ಸಲ ಕೂಗಬೇಕು, ಎಷ್ಟು ಹೊತ್ತು ಕಾಯಬೇಕು? ಒಳ್ಳೆಯ ಸಾರಥಿಯು ಇದಕ್ಕೆಲ್ಲ ಮೊದಲೇ ಉತ್ತರವನ್ನಿಟ್ಟುಕೊಂಡಿರಬೇಕು.

ಓಗೊಟ್ಟ ಮೇಲೂ ಮಾತು ಸುಲಭವಲ್ಲ. ಇಂಥ ಚಿಪ್‌ಗಳಲ್ಲಿ ಐವತ್ತೊಂಬತ್ತು ಎಂಬುದನ್ನು ಐದು ಬೇರೆ, ಒಂಬತ್ತು ಬೇರೆ ಮಾಡಿ ಒಂದೇ ಗೂಡಿನ ಎರಡು ಅರೆಗಳಲ್ಲಿಡುವುದು ವಾಡಿಕೆ. ತಿಳಿಯದೆ ಒಟ್ಟಾಗಿ ಓದಿದವನಿಗೆ ಅದು ೮೯ ಎಂದು ಕಾಣುವುದು. ಎಂಬತ್ತೊಂಬತ್ತನೆಯ ನಿಮಿಷ ಯಾವ ಗಂಟೆಯಲ್ಲಿದೆ? ಅದಕ್ಕಿಂತಲೂ ಮೋಸದ ಸಂಗತಿ ಮತ್ತೊಂದುಂಟು. ಗಂಟೆ ಹತ್ತು, ನಿಮಿಷ ಐವತ್ತೊಂಬತ್ತು, ಸೆಕೆಂಡು ಐವತ್ತೊಂಬತ್ತು ಆಗಿರುವಾಗ ಗಣಕವು ಗಂಟೆಯ ಗೂಡನ್ನು ನೋಡಿ ಹತ್ತು ಎಂದು ಬರೆದುಕೊಂಡಿತೆನ್ನಿ. ನಿಮಿಷದ ಗೂಡಿಗೆ ಬರುವಷ್ಟರಲ್ಲಿ ಗಡಿಯಾರ ಮುಂದುವರಿದು ಹನ್ನೊಂದು ಗಂಟೆಯಾಯಿತು. ನಿಮಿಷ ಸೊನ್ನೆ, ಸೆಕೆಂಡು ಸೊನ್ನೆ. ಗಣಕದ ಲೆಕ್ಕದಲ್ಲಿ ಸರಿಯಾಗಿ ಹತ್ತು ಗಂಟೆ! ಒಂದು ಗಂಟೆಯೇ ಕಳೆದುಹೋಯಿತು. ಸಾವಿರ ಸಲ ಪರೀಕ್ಷಿಸಿದರೂ ಕಾಣದೆ, ಎಂದೋ ಒಂದು ದಿನ ಹೊಲದಲ್ಲಿಯೋ ಆಸ್ಪತ್ರೆಯಲ್ಲಿಯೋ ಕಾಣಿಸಿಕೊಳ್ಳುವ ದೋಷವಿದು. ಚಿಪ್ ಮಾಡಿದವರು ಇದಕ್ಕೆ ಉಪಾಯವಿಟ್ಟಿರುವರು: ಎಲ್ಲ ಗೂಡುಗಳನ್ನೂ ಒಂದೇ ಉಸಿರಿನಲ್ಲಿ ಓದಿದರೆ, ಓದಲು ಆರಂಭಿಸಿದ ಕ್ಷಣದ ಕಾಲವನ್ನೇ ಒಟ್ಟಾಗಿ ಕೊಡುವುದು. ಕೈಪಿಡಿಯ ಯಾವುದೋ ಪುಟದ ಎರಡು ಸಾಲುಗಳಲ್ಲಿ ಅಡಗಿರುವ ಈ ಮಾತನ್ನು ಓದಿದವನೇ ಬಲ್ಲ. ಇನ್ನು ಬ್ಯಾಟರಿ ಮುಗಿದು ಗಡಿಯಾರ ನಿಂತಿದ್ದರೆ ಅದನ್ನು ಸಾರುವ ಗುರುತೊಂದುಂಟು. ಅದನ್ನು ನೋಡದೆ ಸುಳ್ಳು ಕಾಲವನ್ನು ನಿಜವೆಂದು ಒಪ್ಪಿಸುವವನು ಶಲ್ಯನಿಗಿಂತ ಕೆಟ್ಟ ಸಾರಥಿ. ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಗೆ ಒಂದು ದಿನ ಹೆಚ್ಚೆಂಬ ಲೆಕ್ಕವೂ ೨೧೦೦ನೆಯ ಇಸವಿಯಲ್ಲಿ ತಪ್ಪುವುದು; ಅದು ಅಧಿಕ ವರ್ಷವಲ್ಲ. ಇದನ್ನೆಲ್ಲ ಕೇಳಿದ ಮೇಲೆ ಹುಡುಗನು "ಇಷ್ಟೇನೇ" ಎಂಬ ಮಾತನ್ನು ಮತ್ತೆ ಆಡಲಿಲ್ಲ.

ಇಷ್ಟು ಸೂಕ್ಷ್ಮವೇಕೆಂದು ಕೇಳುವ ವಾಚಕರಿಗೆ ಒಂದು ದುಃಖದ ಚರಿತ್ರೆಯನ್ನು ನೆನಪು ಮಾಡಬೇಕಾಗಿದೆ. ೧೯೮೫ ಮತ್ತು ೧೯೮೭ರ ನಡುವೆ ಅಮೆರಿಕ ಮತ್ತು ಕೆನಡ ದೇಶಗಳಲ್ಲಿ ಥೆರಾಕ್-೨೫ ಎಂಬ ಚಿಕಿತ್ಸಾಯಂತ್ರವು ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಸುರಿಯಿತು. ಅವರಲ್ಲಿ ಕೆಲವರು ಅದರಿಂದಲೇ ಪ್ರಾಣ ಬಿಟ್ಟರು. ಕಾರಣಗಳಲ್ಲಿ ಒಂದು ಹೀಗಿದ್ದಿತು. ಯಂತ್ರದೊಳಗಿನ ಅಯಸ್ಕಾಂತಗಳು ತಮ್ಮ ಸ್ಥಿತಿಗೆ ಬಂದು ನಿಲ್ಲಲು ಸುಮಾರು ಎಂಟು ಸೆಕೆಂಡುಗಳು ಹಿಡಿಯುತ್ತಿದ್ದವು. ಆ ಎಂಟು ಸೆಕೆಂಡುಗಳೊಳಗಾಗಿ, ಕೈ ಪಳಗಿದ ನಿರ್ವಾಹಕಿಯು ತಾನು ಬರೆದುದನ್ನು ಬೇಗಬೇಗನೆ ತಿದ್ದಿದರೆ ಕಾರ್ಯಕ್ರಮವು ಅದನ್ನು ಗಮನಿಸುತ್ತಿರಲಿಲ್ಲ. ಹಿಂದಿನ ಯಂತ್ರಗಳಲ್ಲಿ ಅಪಾಯವನ್ನು ತಡೆಯಲು ಪ್ರತ್ಯೇಕವಾದ ತಡೆಗಳಿದ್ದವು. ಇದರಲ್ಲಿ ಅವನ್ನು ತೆಗೆದು ತಂತ್ರಾಂಶವನ್ನೇ ನಂಬಿದ್ದರು. ಲೋಹಕ್ಕೆ, ಗಾಲಿಗೆ, ನೀರಿಗೆ ತಮ್ಮದೇ ಆದ ಕಾಲವುಂಟು. ಬರೆಯುವವನ ಅವಸರಕ್ಕೆ ಅವು ಓಡಿಬರಲಾರವು. ಸಾರಥಿಯ ಕೆಲಸದಲ್ಲಿ ಚುರುಕಿಗಿಂತ ತಾಳ್ಮೆಗೆ ಬೆಲೆ ಹೆಚ್ಚೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಹಣದ ಮಾತು. ಹುಡುಗನು ಐದು ಸಾರಥಿಗಳನ್ನು ಹೆಣೆದುದು ಬರಿಯ ಪೌರುಷದಿಂದಲ್ಲವೆಂಬುದು ಎರಡನೆಯ ದಿನ ತಿಳಿಯಿತು. ೩೫೦ ಗಂಟೆಯ ಕೆಲಸಕ್ಕೆ ದೊರೆಯುವ ಸಂಭಾವನೆಯಿಂದ ಕೊನೆಯ ವರ್ಷದ ಕಾಲೇಜು ಶುಲ್ಕವನ್ನು ತಾನೇ ಕಟ್ಟುವೆನೆಂದು ಅವನು ತಂದೆಗೆ ಮಾತು ಕೊಟ್ಟಿದ್ದನು. ೧೭೫ ಗಂಟೆಗೆ ಇಳಿದರೆ ಸಂಭಾವನೆಯೂ ಅರ್ಧಕ್ಕಿಳಿಯುವುದು. ಅಂಗಡಿಯ ಸ್ಥಿತಿ ಈ ವರ್ಷ ಚೆನ್ನಾಗಿಲ್ಲವೆಂಬುದನ್ನು ಬೀದಿಯವರೆಲ್ಲರೂ ಬಲ್ಲರು. ಹೀಗಿರುವಾಗ 'ಕಡಮೆ ಮಾಡು' ಎಂದು ಹೇಳುವುದು ಹೊಟ್ಟೆ ತುಂಬಿದವರ ಉಪದೇಶವಾಗಬಾರದು. ಆದಕಾರಣ ನಾವು ಉಪದೇಶವನ್ನು ಬಿಟ್ಟು ಲೆಕ್ಕವನ್ನು ಹಿಡಿದೆವು.

ಹನ್ನೆರಡು ವಾರಗಳಲ್ಲಿ ಪರೀಕ್ಷೆಯ ಸಿದ್ಧತೆಗೂ ಪರೀಕ್ಷೆಗೂ ನಾಲ್ಕು ವಾರಗಳು ಹೋಗುವುವು. ಉಳಿದುದು ಎಂಟು. ಮುನ್ನೂರೈವತ್ತನ್ನು ಎಂಟರಿಂದ ಭಾಗಿಸಿದರೆ ವಾರಕ್ಕೆ ನಲವತ್ತನಾಲ್ಕು ಗಂಟೆ; ಸಂಜೆಯ ಹೊತ್ತು ತಂದೆಯ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಹುಡುಗನಿಗೆ ಇದು ಆಗದ ಮಾತು. ಅವಧಿಯನ್ನು ಬೆಳೆಸಿಕೊಳ್ಳಲು ನಿಯಮದಲ್ಲಿ ಅವಕಾಶವಿದ್ದರೂ, ಅಷ್ಟರಲ್ಲಿ ಮುಂದಿನ ಪಾಠಗಳು ಆರಂಭವಾಗಿರುವುವು. ನೂರೆಪ್ಪತ್ತೈದಾದರೆ ವಾರಕ್ಕೆ ಇಪ್ಪತ್ತೆರಡು ಗಂಟೆ. ಇದು ಕಷ್ಟ, ಆದರೆ ಆಗತಕ್ಕುದು. ಹುಡುಗನು ಕಾಗದವನ್ನು ಬಹಳ ಹೊತ್ತು ನೋಡುತ್ತ ಕುಳಿತನು. ತಂದೆಗೆ ಏನೆಂದು ಹೇಳಲಿ ಎಂಬುದೇ ಅವನ ಚಿಂತೆ.

ಹೇಳಿದುದು ಅವನೇ. ನಾವು ಜೊತೆಗೆ ಹೋಗಿ ಪಕ್ಕದಲ್ಲಿ ನಿಂತಿದ್ದೆವು, ಅಷ್ಟೆ. ಅಂಗಡಿಯಾತನು ಬೆಲ್ಲವನ್ನು ತೂಗಿ ಕಟ್ಟಿ ಗಿರಾಕಿಯನ್ನು ಕಳುಹಿಸಿದ ಮೇಲೆ ಮಗನ ಮಾತನ್ನು ಪೂರ್ತಿಯಾಗಿ ಕೇಳಿ, ನಮ್ಮ ಕಡೆ ತಿರುಗಿದನು. "ಅರ್ಧ ಕೆಲಸಕ್ಕೆ ಅರ್ಧ ದುಡ್ಡು, ಅದು ತಿಳಿಯಿತು ಸ್ವಾಮಿ. ಪೂರ್ತಿ ಒಪ್ಪಿಕೊಂಡು ನಡುವೆ ಕೈಬಿಟ್ಟರೆ ಎಷ್ಟು ದುಡ್ಡು?" ಏನೂ ಇಲ್ಲವೆಂದೆವು. ಆತನು ತಕ್ಕಡಿಯ ತಟ್ಟೆಯನ್ನು ಒರೆಸುತ್ತ, "ಮಾರಲಾರದಷ್ಟು ಸರಕನ್ನು ನಾನು ಸಾಲ ತಂದು ಇಡುವವನಲ್ಲ. ಉಳಿದರ್ಧವನ್ನು ನಾನು ನೋಡಿಕೊಳ್ಳುವೆ" ಎಂದನು. ಅದನ್ನು ಹೇಗೆ ನೋಡಿಕೊಳ್ಳುವನೆಂದು ಆತನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಗನು ಒಳಗೆ ಹೋಗಿ ಅಕ್ಕಿಯ ಮೂಟೆಯನ್ನು ಸರಿಸತೊಡಗಿದನು.

ಮಾರನೆಯ ದಿನದಿಂದ ಯೋಜನೆಯು ಯೋಜನೆಯಂತಾಯಿತು. ಮೊದಲ ವಾರ, ಚಿಪ್‌ನ ಕೈಪಿಡಿಯನ್ನು ಓದಿ ಅದನ್ನು ಕೂಗಿ ಓಗೊಡಿಸುವುದು. ಎರಡನೆಯ ವಾರ, ಸೆಕೆಂಡುಗಳನ್ನು ಓದಿ ಅವು ಏರುವುದನ್ನು ನೋಡುವುದು. ಮೂರು ಮತ್ತು ನಾಲ್ಕನೆಯ ವಾರ, ಕಾಲವನ್ನು ಒಂದೇ ಉಸಿರಿನಲ್ಲಿ ಓದುವುದು, ಹೊಂದಿಸುವುದು. ಇಷ್ಟಕ್ಕೆ ನಡುವಿನ ಪರೀಕ್ಷೆ. ಇಲ್ಲಿಗೆ ಕೆಲಸವು ನಿಂತರೂ ಯಾರಾದರೊಬ್ಬರಿಗೆ ಉಪಯೋಗವಾಗುವಂಥದೇನಾದರೂ ಉಳಿದಿರಬೇಕೆಂಬುದು ನಮ್ಮ ಕಟ್ಟುಪಾಡು. ಐದನೆಯ ವಾರ, ವರ್ಷದ ಕೊನೆಯ ರಾತ್ರಿ, ಫೆಬ್ರವರಿ ಇಪ್ಪತ್ತೊಂಬತ್ತು, ಬ್ಯಾಟರಿ ಮುಗಿದ ಗುರುತು, ತಂತಿ ಕಳಚಿದ ಸಂದರ್ಭ ಮೊದಲಾದ ಕೇಡುಗಾಲದ ವಿಚಾರ. ಆರನೆಯ ವಾರ, ಇವನ್ನೆಲ್ಲ ಯಾರು ಬೇಕಾದರೂ ಮತ್ತೆ ಮಾಡಿ ನೋಡುವಂಥ ಪರೀಕ್ಷೆಗಳನ್ನು ಬರೆಯುವುದು. ಏಳನೆಯ ವಾರ, ಬಳಸುವವರಿಗೆ ವಿವರಣೆ. ಎಂಟನೆಯ ವಾರದ ಮುಂದೆ ನಾವು ಏನನ್ನೂ ಬರೆಯಲಿಲ್ಲ.

"ಖಾಲಿ ಬಿಟ್ಟರೆ ನನ್ನನ್ನು ಸೋಮಾರಿಯೆಂದುಕೊಳ್ಳುವರು" ಎಂದನು ಹುಡುಗ. ಈ ಖಾಲಿ ವಾರಕ್ಕಾಗಿ ನಾವು ಬಹಳ ವಾದಿಸಬೇಕಾಯಿತು. ಅವನು ಬರೆದುದನ್ನು ಸಂಘದ ಹಿರಿಯರು ಸಾಲುಸಾಲಾಗಿ ಓದುವರು. ಇಲ್ಲಿ ತಿದ್ದು, ಅಲ್ಲಿ ಬದಲಿಸು ಎನ್ನುವರು. ಅವರೂ ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಓದುವವರು. ನಾವು ಬೇಡಿದ ದಿನವೇ ಉತ್ತರ ಬರಲಾರದು. ಅವರ ಒಪ್ಪಿಗೆ ಪಡೆದು ಭಂಡಾರಕ್ಕೆ ಸೇರದ ಸಾರಥಿಯು, ಎಷ್ಟೇ ಸೊಗಸಾಗಿದ್ದರೂ, ಒಂದೆರಡು ವರ್ಷಗಳಲ್ಲಿ ಅನಾಥವಾಗುವುದು. ಸುತ್ತಲಿನ ತಂತ್ರಾಂಶವು ಬದಲಾಗುತ್ತ ಹೋಗುವುದು, ಇದು ಇದ್ದಲ್ಲಿಯೇ ಇರುವುದು, ಕಡೆಗೊಂದು ದಿನ ಯಾವುದಕ್ಕೂ ಹೊಂದದೆ ಹೋಗುವುದು. ಆದುದರಿಂದ ಬರೆದು ಮುಗಿಸುವುದು ಕೆಲಸದ ಕೊನೆಯಲ್ಲ, ಸೇರಿಸಿಕೊಳ್ಳುವಂತೆ ಮಾಡುವುದೇ ಕೊನೆ. ನಮ್ಮ ಮನೆಯವರು ಇದನ್ನೇ ಬೇರೆ ಮಾತಿನಲ್ಲಿ ಹೇಳಿದರು: "ಬೀಗರ ಊಟಕ್ಕೆ ಹದಿನೆಂಟು ಬಗೆ ಮಾಡಿ ಅನ್ನ ಅರೆಬೆಂದಿದ್ದರೆ, ಬೀಗರು ಊರಿಗೆ ಹೋಗಿ ಹೇಳುವುದು ಯಾವುದನ್ನು?" ಖಾಲಿ ವಾರವು ಯೋಜನೆಯಲ್ಲಿ ಉಳಿಯಿತು.

ಸಲಕರಣೆಯ ಮಾತೂ ಬಂದಿತು. ಈ ಹಲಗೆಯ ತಂತಿಗಳು ೩.೩ ವೋಲ್ಟುಗಳಿಗೆ ಒಗ್ಗಿದವು. ಅಂಗಡಿಗಳಲ್ಲಿ ದೊರೆಯುವ ಗಡಿಯಾರದ ಬಿಲ್ಲೆಗಳಲ್ಲಿ ಕೆಲವು ೫ ವೋಲ್ಟುಗಳನ್ನು ಬೇಡುವುವು. ನೋಡದೆ ಜೋಡಿಸಿದರೆ ಹಲಗೆಯೇ ಸುಟ್ಟುಹೋಗಬಹುದು, ಅದರೊಡನೆ ಬೇಸಗೆಯೂ ಹೋಗುವುದು. ಆದಕಾರಣ ೩.೩ ವೋಲ್ಟಿನಲ್ಲಿ ನಡೆಯುವ ಚಿಪ್ಪನ್ನೇ ಆರಿಸಿ, ಎರಡು ಬಿಲ್ಲೆಗಳನ್ನು ಕೊಳ್ಳಬೇಕೆಂದು ಬರೆದೆವು. ಯೋಜನೆಯಲ್ಲಿ 'ಅಪಾಯಗಳು' ಎಂದು ಒಂದು ಭಾಗವೇ ಉಂಟಾಯಿತು. ಅದರಲ್ಲಿ 'ಇದು ನನಗೆ ಇನ್ನೂ ಗೊತ್ತಿಲ್ಲ' ಎಂಬ ಮಾತು ಮೂರು ಕಡೆ ಬಂದಿತು. ಹನ್ನೊಂದು ಪುಟಗಳು ನಾಲ್ಕಕ್ಕೆ ಇಳಿದವು. ಪ್ರತಿಯೊಂದು ಸಾಲೂ ಅವನದೇ ಭಾಷೆ, ಒಂದೆರಡು ಕಡೆ ವ್ಯಾಕರಣ ತಪ್ಪಿದ ಆಂಗ್ಲಭಾಷೆ. ತಪ್ಪನ್ನು ತಿದ್ದಿಕೊಂಡನು, ದನಿಯನ್ನು ಬದಲಿಸಲು ನಾವು ಬಿಡಲಿಲ್ಲ.

ಆರ್‌ಟೆಮ್ಸ್‌ನವರಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಅರ್ಜಿ ಹಾಕುವವನು ಮೊದಲು ಅವರ ಸಲಕರಣೆಗಳನ್ನೆಲ್ಲ ತನ್ನ ಗಣಕದಲ್ಲಿ ಕಟ್ಟಿಕೊಂಡು, 'ಹಲೋ' ಎಂದು ನಮಸ್ಕರಿಸುವ ಅತ್ಯಂತ ಚಿಕ್ಕ ಕಾರ್ಯಕ್ರಮವನ್ನು ತಾನೇ ಬದಲಿಸಿ ನಡೆಸಿ ಸಾಕ್ಷಿ ತೋರಿಸಬೇಕು. ಮಾತಿಗೆ ಮುಂಚೆ ಕೈ. ಹುಡುಗನ ಹಳೆಯ ಗಣಕದಲ್ಲಿ ಆ ಸಲಕರಣೆಗಳು ಸಿದ್ಧವಾಗಲು ಒಂದು ರಾತ್ರಿ ಪೂರ್ತಿ ಹಿಡಿಯಿತು. ಬೆಳಗಿನ ಜಾವ ಪರದೆಯ ಮೇಲೆ ತನ್ನ ಹೆಸರು ಮೂಡಿದುದನ್ನು ತೋರಿಸಲು ಅವನು ಕಾಫಿಯ ಹೊತ್ತಿಗೆ ಓಡಿಬಂದನು. ಐದು ಸಾರಥಿಗಳ ಕಥೆಯನ್ನು ಹೇಳುವಾಗ ಅವನ ಕಣ್ಣಿನಲ್ಲಿ ಇಲ್ಲದಿದ್ದ ಬೆಳಕೊಂದು ಆಗ ಇದ್ದಿತು. ಹೇಳಿದುದಕ್ಕೂ ಮಾಡಿದುದಕ್ಕೂ ಇರುವ ಅಂತರ ಅದು.

ಅರ್ಜಿ ಹೋಗಿದೆ. ಆಯ್ಕೆಯಾದವರ ಹೆಸರುಗಳು ಹೊರಬರುವುದು ಮೇ ತಿಂಗಳಲ್ಲಿ. ಫಲ ಏನೇ ಆಗಲಿ, ಗಡಿಯಾರದ ಬಿಲ್ಲೆಗಳೆರಡೂ ಬಂದಿವೆ. ಅವುಗಳಲ್ಲಿ ಒಂದು ಓಗೊಟ್ಟಿದೆಯೆಂದು ಮೊನ್ನೆ ಸುದ್ದಿ. ಅಂಗಡಿಯಾತನು ಶುಲ್ಕದ ಅರ್ಧಕ್ಕೆ ಚೀಟಿ ಹಾಕಿರುವನೆಂದು ಇನ್ನೊಂದು ಸುದ್ದಿ.

ಪೌರುಷ ಕೊಚ್ಚಿದ ಉತ್ತರಕುಮಾರನನ್ನು ನೋಡಿ ನಾವೆಲ್ಲ ನಗುವೆವು. ಆದರೆ ಅವನ ಕಥೆಯ ಉತ್ತರಾರ್ಧವನ್ನು ಮರೆಯುವೆವು. ರಥದಿಂದ ಧುಮುಕಿ ಓಡಿದವನನ್ನು ಅರ್ಜುನನು ಹಿಡಿದು ತಂದು, 'ನೀನು ಯುದ್ಧ ಮಾಡಬೇಡ, ಲಗಾಮನ್ನು ಹಿಡಿ ಸಾಕು' ಎಂದು ಧೈರ್ಯ ಹೇಳಿದನು. ಅಂದಿನ ಯುದ್ಧದಲ್ಲಿ ಕಡೆಯವರೆಗೂ ರಥವನ್ನು ನಡೆಸಿದವನು ಅದೇ ಉತ್ತರ. ದೊಡ್ಡದನ್ನು ಬಿಟ್ಟುಕೊಟ್ಟು, ತನ್ನ ಕೈಗೆ ನಿಲುಕುವ ಒಂದು ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಂಡ ಮೇಲೆ ಅವನ ಭಯ ಹೋಯಿತು. ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳು ದೊಡ್ಡ ಯೋಜನೆಗಳನ್ನು ಹಿಡಿದು ಬಂದಾಗ ನಾವು ನಗಬೇಕಾದುದೂ ಇಲ್ಲ, ಬೆನ್ನು ತಟ್ಟಿ ಸುಮ್ಮನೆ ಕಳುಹಿಸಬೇಕಾದುದೂ ಇಲ್ಲ. ಒಂದು ಹಾಳೆ, ಒಂದು ಸೀಸದಕಡ್ಡಿ ಹಿಡಿದು ಪಕ್ಕದಲ್ಲಿ ಕುಳಿತು, ಇರುವ ವಾರಗಳೆಷ್ಟು, ಗಂಟೆಗಳೆಷ್ಟು, ಕೈಯಲ್ಲಿರುವ ಸಲಕರಣೆ ಯಾವುದು ಎಂದು ಎಣಿಸಿಕೊಡುವುದು ಹಿರಿಯರಾದ ನಮ್ಮ ಪಾಲಿನ ಸಾರಥ್ಯ.